ಸೈರನ್ ಆಮೇಲೆ, ಟೈರು ಮೊದಲು

ಪೊಲೀಸ್ ಗಾಡಿ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಮೇಲೆ ಮಿನುಗುವ ದೀಪ, ಕಿವಿಗೆ ಕೇಳುವುದು ಸೈರನ್. ಕೆಳಗಿರುವ ನಾಲ್ಕು ಟೈರುಗಳ ಕಡೆ ಯಾರೂ ನೋಡುವುದಿಲ್ಲ. ಹಿಮ ಬೀಳುವ ಊರುಗಳಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ಗಾಡಿಯ ಯೋಗ್ಯತೆ ತಿಳಿಯುವುದು ಅದರ ರಬ್ಬರಿನಿಂದ. ಆ ಗಾಡಿಗಳನ್ನು ಚಳಿಗಾಲಕ್ಕೆ ಹೇಗೆ ಸಜ್ಜು ಮಾಡುತ್ತಾರೆ ಎಂಬುದರಲ್ಲಿ ನಮಗೂ ಕಲಿಯುವುದಿದೆ ಎಂಬುದು ನಮ್ಮ ಅನಿಸಿಕೆ.

ಮೊದಲು ಒಂದು ಸಣ್ಣ ಲೆಕ್ಕ. ಮೇಷ್ಟ್ರುಗಳ ಚಾಳಿ, ಓದುಗರು ಸಹಿಸಿಕೊಳ್ಳಬೇಕು! ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರಿಗೆ ಬ್ರೇಕ್ ಹಾಕಿದರೆ ಒಣಗಿದ ಡಾಂಬರು ರಸ್ತೆಯಲ್ಲಿ ಸುಮಾರು 14 ಮೀಟರ್ ಹೋಗಿ ನಿಲ್ಲುತ್ತದೆ. ಗಾಡಿಗಳು ತುಳಿದು ಗಟ್ಟಿಯಾದ ಹಿಮದ ಮೇಲೆ ಅದಕ್ಕೆ ಸುಮಾರು 50 ಮೀಟರ್ ಬೇಕು. ಮಂಜುಗಡ್ಡೆಯ ಮೇಲಾದರೆ ಹತ್ತಿರ ಹತ್ತಿರ 100 ಮೀಟರ್. ಎಲ್ಲವೂ ಟೈರಿಗೂ ರಸ್ತೆಗೂ ನಡುವಿನ ಘರ್ಷಣೆಯ ಆಟ. ಈ ಲೆಕ್ಕಕ್ಕೆ ಕಾರಿನ ತೂಕವೂ ಬೇಕಿಲ್ಲ, ಒಳಗೆ ಕೂತವರ ಹುದ್ದೆಯೂ ಬೇಕಿಲ್ಲ.

ಮಾಮೂಲಿ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಚಳಿ ಹೆಚ್ಚಾದರೆ ಬಿರುಸಾಗತೊಡಗುತ್ತದೆ, ಹಿಡಿತ ಬಿಡುತ್ತದೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆದುವಾಗಿಯೇ ಇರುತ್ತದೆ. ಅದರ ಮೈಮೇಲೆ ಬ್ಲೇಡಿನಿಂದ ಗೀರಿದಂಥ ಸಣ್ಣ ಸಣ್ಣ ಸೀಳುಗಳಿರುತ್ತವೆ. ಅವೇ ಹಿಮವನ್ನು ಕಚ್ಚಿ ಹಿಡಿಯುವ ಹಲ್ಲುಗಳು. ಸ್ವೀಡನ್, ಫಿನ್ಲೆಂಡ್ ಕಡೆ ಟೈರಿಗೆ ಲೋಹದ ಮೊಳೆಗಳನ್ನೂ ಕೂರಿಸುತ್ತಾರೆ.

ನಮಗೆ ಬಹಳ ಹಿಡಿಸಿದ್ದು ಜರ್ಮನಿಯ ಕಾನೂನು. ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದಾಗ ಚಳಿಗಾಲದ ಟೈರು ಇಲ್ಲದೆ ಗಾಡಿ ಓಡಿಸಬಾರದು ಎಂದು ಅಲ್ಲಿ 2010ರಲ್ಲಿ ಸ್ಪಷ್ಟವಾಗಿ ಬರೆದರು. 2024ರ ಅಕ್ಟೋಬರ್ 1ರಿಂದ, ಬೆಟ್ಟದ ಚಿತ್ರದೊಳಗೆ ಹಿಮದ ಹರಳು ಇರುವ ಗುರುತಿನ ಟೈರಿಗೆ ಮಾತ್ರ ಮಾನ್ಯತೆ. ಪೊಲೀಸರಿಗೆ ವಿನಾಯಿತಿ ಇದೆಯೇ? ಅವರ ತುರ್ತು ಗಾಡಿಗೆ ವಿನಾಯಿತಿ ಸಿಗುವುದು, ಅದರ ವಿನ್ಯಾಸಕ್ಕೆ ಹೊಂದುವಂಥ ಚಳಿಗಾಲದ ಟೈರೇ ತಯಾರಾಗದಿದ್ದಾಗ ಮಾತ್ರ! ಇತರರಿಗೆ ದಂಡ ಹಾಕುವವರ ಗಾಡಿಯೂ ಅದೇ ನಿಯಮದಡಿ ಬರಬೇಕು ಎಂಬ ಈ ಸರಳ ನ್ಯಾಯ ಎಷ್ಟು ಚೆನ್ನಾಗಿದೆ, ಅಲ್ಲವೇ?

ಅಮೆರಿಕದ ಕಥೆ ಬೇರೆ. ಅಲ್ಲಿನ ಪೊಲೀಸರ ಬಳಿ ಬಹುಕಾಲ ಇದ್ದದ್ದು ಫೋರ್ಡ್ ಕಂಪನಿಯ ಕ್ರೌನ್ ವಿಕ್ಟೋರಿಯಾ ಕಾರು. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ. ಹಿಂಭಾರ ಕಡಿಮೆಯಾದ್ದರಿಂದ ಹಿಮದಲ್ಲಿ ಚಕ್ರ ಸುಮ್ಮನೆ ಸುತ್ತುತ್ತಿತ್ತು. ಇದಕ್ಕೆ ಚಾಲಕರು ಕಂಡುಕೊಂಡ ಉಪಾಯ ಡಿಕ್ಕಿಯಲ್ಲಿ ಮರಳಿನ ಚೀಲ. 2011ರಲ್ಲಿ ಆ ಕಾರಿನ ತಯಾರಿಕೆ ನಿಂತಿತು. ಅದರ ನಂತರ ಬಂದ ಎಕ್ಸ್‌ಪ್ಲೋರರ್ ಮಾದರಿಯ ಪೊಲೀಸ್ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಎಳೆತವಿದೆ.

ಇಲ್ಲೇ ಒಂದು ಮೋಸವೂ ಇದೆ. ನಾಲ್ಕೂ ಚಕ್ರ ಎಳೆದರೆ ಗಾಡಿ ಹೊರಡುತ್ತದೆ, ಏರು ಹತ್ತುತ್ತದೆ. ನಿಲ್ಲಿಸಲು ಅದು ನೆರವಾಗದು. ಬ್ರೇಕ್ ಎಲ್ಲ ಕಾರಿನಲ್ಲೂ ಇರುವುದು ನಾಲ್ಕು ಚಕ್ರಕ್ಕೇ ತಾನೆ? ಎಬಿಎಸ್ ಇದ್ದರೆ ಬ್ರೇಕ್ ಒತ್ತಿದಾಗಲೂ ಸ್ಟೇರಿಂಗ್ ಮಾತು ಕೇಳುತ್ತದೆ ನಿಜ, ಆದರೆ ಸಡಿಲ ಹಿಮದಲ್ಲಿ ನಿಲ್ಲುವ ದೂರ ಅದರಿಂದ ಹೆಚ್ಚಾಗುವುದೂ ಉಂಟು. ದೊಡ್ಡ ಗಾಡಿ ಕೊಟ್ಟು ಟೈರು ಕೊಡದಿದ್ದರೆ ಧೈರ್ಯ ಕೊಟ್ಟು ಬುದ್ಧಿ ಕೊಡದಂತೆ.

ಉಳಿದ ಸಾಮಾನುಗಳ ಪಟ್ಟಿ ಮದುವೆಮನೆ ಪಟ್ಟಿಯಷ್ಟು ಉದ್ದವಿಲ್ಲ. ಚಕ್ರಕ್ಕೆ ಸುತ್ತುವ ಕಬ್ಬಿಣದ ಚೈನು, ಸಲಿಕೆ, ಎಳೆಯುವ ಹಗ್ಗ, ಕಂಬಳಿ, ಟಾರ್ಚು, ಗಾಜಿನ ಹಿಮ ಕೆರೆಯುವ ಹಲ್ಲೆ. ಚೈನು ಹಾಕಿದ ಗಾಡಿಗೆ ಜರ್ಮನಿಯಲ್ಲಿ ಗಂಟೆಗೆ 50 ಕಿ.ಮೀ. ಮೀರುವಂತಿಲ್ಲ. ಕಡು ಚಳಿಯ ಸೀಮೆಯಲ್ಲಿ ರಾತ್ರಿಯಿಡೀ ಎಂಜಿನ್ನನ್ನು ಬೆಚ್ಚಗಿಡುವ ವಿದ್ಯುತ್ ಹೀಟರ್ ಬೇಕು. ಚಳಿಗೆ ಬ್ಯಾಟರಿಯ ಬಲ ಕುಗ್ಗುತ್ತದೆ; ವೈರ್‌ಲೆಸ್ಸು, ದೀಪ, ಕ್ಯಾಮೆರಾ ಹೊತ್ತ ಪೊಲೀಸ್ ಗಾಡಿಯಲ್ಲಿ ಅದರ ಮೇಲಿನ ಭಾರವೂ ಹೆಚ್ಚು. ಹಳೆಯ ದೀಪಗಳ ಬಿಸಿಗೆ ಮೇಲೆ ಬಿದ್ದ ಹಿಮ ಕರಗುತ್ತಿತ್ತು. ಎಲ್‌ಇಡಿ ದೀಪದ ಮುಖ ಅಷ್ಟು ಬಿಸಿಯಾಗದ್ದರಿಂದ ಹಿಮ ಅಲ್ಲೇ ಮೆತ್ತಿಕೊಳ್ಳುತ್ತದೆ, ಆಗಾಗ ಇಳಿದು ಒರೆಸಬೇಕು. ಹೊಸದು ಬಂದರೆ ಹೊಸ ಕೆಲಸವೂ ಬರುತ್ತದೆ!

ನಮ್ಮ ದೇಶಕ್ಕೆ ಬರೋಣ. ಲಡಾಖಿನ ಚಳಿಯಲ್ಲಿ ಮಾಮೂಲಿ ಡೀಸೆಲ್ಲೇ ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಜೀಪು ಪೊಲೀಸರದ್ದಾದರೇನು, ಸಂತೆಗೆ ಹೋಗುವವರದ್ದಾದರೇನು, ಸ್ಟಾರ್ಟ್ ಆಗುವುದಿಲ್ಲ. ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಅಲ್ಲಿಗೆ ಕೊಡಲು ಶುರು ಮಾಡಿದ್ದು 2019ರ ನವೆಂಬರಿನಲ್ಲಿ. ಹಿಮಾಚಲದಲ್ಲಿ 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಹಿಮ ನೋಡಲು ಹೋಗುವವರ ಸಂಖ್ಯೆ ಏರಿತು. ಹಿಮ ಬಿದ್ದ ದಿನಗಳಲ್ಲಿ ಫೋರ್ ವೀಲ್ ಡ್ರೈವ್ ಗಾಡಿಗಳನ್ನು, ಚೈನು ಹಾಕಿದವನ್ನು ಮಾತ್ರ ಮುಂದೆ ಬಿಡುವ ಪದ್ಧತಿಯನ್ನು ಅಲ್ಲಿನ ಪೊಲೀಸರು ಮಾಡಿದ್ದಾರೆ. 2024ರ ಡಿಸೆಂಬರ್ 27ರಂದು ಸೋಲಂಗ್ ಬಳಿ ಹಿಮದಲ್ಲಿ ಸಿಲುಕಿದ ಸುಮಾರು 5,000 ಪ್ರವಾಸಿಗರನ್ನು ಅವರೇ ಹೊರತಂದರು.

ಹೊರತರುವವರೇ ಸಿಲುಕಿದರೆ ಗತಿಯೇನು? ಪ್ರಶ್ನೆ ಇರುವುದು ಇಲ್ಲೇ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಎಂಬ ಬೆಟ್ಟದೂರಿನಲ್ಲಿ ಹಿಮದಲ್ಲಿ ಹೂತ ಕಾರುಗಳೊಳಗೆ ಕನಿಷ್ಠ 22 ಮಂದಿ ಸತ್ತರು. ಸಂಸಾರದೊಂದಿಗೆ ಬಂದಿದ್ದ ಒಬ್ಬ ಪೊಲೀಸ್ ಅಧಿಕಾರಿಯೂ ಅವರಲ್ಲಿದ್ದರು. ಇಂಥ ಕಡೆ ಚಳಿಯಷ್ಟೇ ಕೊಲ್ಲುವುದಿಲ್ಲ. ಬೆಚ್ಚಗಿರಲೆಂದು ಎಂಜಿನ್ ಚಾಲೂ ಇಟ್ಟಾಗ ಹೊಗೆ ಕೊಳವೆ ಹಿಮದಲ್ಲಿ ಮುಚ್ಚಿಹೋಗಿದ್ದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಅಂಥ ಹೊತ್ತಿನಲ್ಲಿ ಆ ಕೊಳವೆಯ ಸುತ್ತ ಹಿಮ ತೆಗೆಯುವ ಸಲಿಕೆಗಿಂತ ದೊಡ್ಡ ಉಪಕರಣ ಯಾವುದಿದೆ?

ವರ್ಷದಲ್ಲಿ ನಾಲ್ಕು ತಿಂಗಳ ಹಿಮಕ್ಕೆ ಎರಡು ಜೊತೆ ಟೈರು ದುಂದಲ್ಲವೇ ಎಂದು ಕೇಳುವವರಿದ್ದಾರೆ. ಒಂದು ಜೊತೆ ಓಡುವಾಗ ಇನ್ನೊಂದು ಗೋದಾಮಿನಲ್ಲಿ ವಿಶ್ರಾಂತಿಯಲ್ಲಿರುತ್ತದೆ, ಎರಡೂ ನಿಧಾನವಾಗಿ ಸವೆಯುತ್ತವೆ. ಖರ್ಚು ದುಪ್ಪಟ್ಟಾಗುವುದಿಲ್ಲ. ನುರಿತ ಚಾಲಕನಿಗೆ ಇದೆಲ್ಲ ಬೇಡ ಎನ್ನುವವರಿಗೆ ಮೇಲಿನ ಲೆಕ್ಕವೇ ಉತ್ತರ. ಹಿಮ ಬೀಳುವ ಜಿಲ್ಲೆಗಳಿಗೆ ಪೊಲೀಸ್ ಗಾಡಿ ಕೊಳ್ಳುವಾಗ ಚಳಿಗಾಲದ ಟೈರು, ಚೈನು, ಸಲಿಕೆ ಗಾಡಿಯ ಬೆಲೆಯಲ್ಲೇ ಸೇರಿರಬೇಕು. ಚೈನು ಹಾಕುವುದನ್ನು ಹಿಮ ಬೀಳುವ ಮುಂಚೆಯೇ ಕಲಿಸಬೇಕು. ಪ್ರವಾಸಿಯನ್ನು ತಡೆದು ಟೈರು ನೋಡುವ ನಿಯಮ ತಡೆಯುವವರ ಗಾಡಿಗೂ ಅನ್ವಯಿಸಬೇಕು. ನಮ್ಮ ವಾದ ಇಷ್ಟೇ.

ತಾಳವಾಡಿ ಕಡೆಯ ನಮಗೆ ಹಿಮದ ಗೊಡವೆ ಏಕೆ ಎನ್ನಬೇಡಿ. ಕನ್ನಡದಲ್ಲಿ ಹಿಮಕ್ಕೂ ಮಂಜು ಎನ್ನುತ್ತೇವೆ, ದಿಂಬಂ ಘಟ್ಟದ 27 ತಿರುವುಗಳಲ್ಲಿ ಚಳಿಗಾಲದ ಬೆಳಗಿನಲ್ಲಿ ಕವಿಯುವುದಕ್ಕೂ ಮಂಜು ಎನ್ನುತ್ತೇವೆ. ಅಲ್ಲಿ ಚೈನು ಬೇಡ. ಬೇಕಾದದ್ದು ಕೆಳಮಟ್ಟದಲ್ಲಿ ಬೆಳಕು ಚೆಲ್ಲುವ ಫಾಗ್ ಲ್ಯಾಂಪು, ಹಿಂದೆ ಕೆಂಪು ಪಟ್ಟಿ, ಸವೆಯದ ಟೈರು, ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು ಬರುತ್ತದೆಂಬ ತಿಳಿವಳಿಕೆ. ಸೈರನ್ನು ದಾರಿ ಬಿಡಿಸಬಹುದು, ಆ ದಾರಿಯಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಟೈರೇ. ಪೊಲೀಸರದ್ದಿರಲಿ, ಆಂಬುಲೆನ್ಸಿರಲಿ, ನಮ್ಮ ಮಕ್ಕಳನ್ನು ತುಂಬಿಕೊಂಡು ಬರುವ ಶಾಲಾ ವ್ಯಾನಿರಲಿ, ಮುಂದಿನ ಸಲ ಕಂಡಾಗ ಒಮ್ಮೆ ಬಗ್ಗಿ ಅದರ ಟೈರು ನೋಡಿ.