ಸುಂಕದವನ ಮುಂದೆ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬ ಗಾದೆ ನಮ್ಮ ಹಿರಿಯರ ಅನುಭವದಿಂದ ಹುಟ್ಟಿದುದು. ಸುಂಕದವನಿಗೆ ಬೇಕಾದುದು ಗಂಟಿನೊಳಗಿನ ಸರಕು. ಗಂಟು ಹೊತ್ತವನ ಮನೆಯ ಕಥೆಯಲ್ಲ. ಇಂದಿನ ಸುಂಕದ ಕಟ್ಟೆಯಲ್ಲಿ ಈ ಗಾದೆ ತಿರುವುಮುರುವಾಗಿದೆ. ಪ್ರಯಾಣಿಕನು ಬಾಯಿ ತೆರೆಯದಿದ್ದರೂ ಅವನ ಸುಖದುಃಖಗಳೆಲ್ಲ ಅಂಗೈಯಗಲದ ಮೊಬೈಲಿನಲ್ಲಿ ಅಡಗಿರುತ್ತವೆ. ಅದನ್ನು ತೆರೆದು ತೋರಿಸೆಂದು ಕೇಳುವ ಅಧಿಕಾರವನ್ನು ಹಲವು ದೇಶಗಳು ತಮ್ಮ ಗಡಿಯ ಅಧಿಕಾರಿಗಳಿಗೆ ಕೊಟ್ಟಿವೆ.

ನಮ್ಮ ಓದುಗರಲ್ಲಿ ಅನೇಕರ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದೋ, ಮಗನ ಹೊಸ ಮನೆಯ ಗೃಹಪ್ರವೇಶಕ್ಕೆಂದೋ ತಂದೆತಾಯಿಗಳು ಹೊರಡುತ್ತಾರೆ. ತಿಂಗಳ ಮೊದಲೇ ಶೇಂಗಾ ಚಟ್ನಿಪುಡಿ, ಹಪ್ಪಳ, ಕಟಕ ರೊಟ್ಟಿಗಳ ಸಿದ್ಧತೆ ನಡೆಯುತ್ತದೆ. ಪೆಟ್ಟಿಗೆಯನ್ನು ಮತ್ತೆ ಮತ್ತೆ ತೂಗಿ, 23 ಕಿಲೋ ಮೀರದಂತೆ ಒಂದನ್ನು ತೆಗೆದು ಇನ್ನೊಂದನ್ನು ಇಡುತ್ತಾರೆ. ಆದರೆ ಕೈಯಲ್ಲಿರುವ ಮೊಬೈಲನ್ನು ಯಾರೂ ತೂಗಿ ನೋಡುವುದಿಲ್ಲ. ಆದ್ದರಿಂದ ಈ ತಿಂಗಳು ಅಮೆರಿಕದ ಗಡಿಯ ನಿಯಮಗಳನ್ನೇ ಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರ ಮಾಡೋಣ.

ಮೊದಲಿಗೆ, ಅನಗತ್ಯವಾದ ಅಂಜಿಕೆ ಬೇಡ. 2024ರ ಆರ್ಥಿಕ ವರ್ಷದಲ್ಲಿ ಆ ದೇಶವನ್ನು ಪ್ರವೇಶಿಸಿದವರ ಎಣಿಕೆ ಸುಮಾರು 42 ಕೋಟಿ; ಆ ವರ್ಷ ನಡೆದ ಮೊಬೈಲು, ಲ್ಯಾಪ್‌ಟಾಪುಗಳ ಶೋಧ ಸುಮಾರು 47,000. ಅಂದರೆ ಹೆಚ್ಚುಕಡಿಮೆ ಒಂಬತ್ತು ಸಾವಿರಕ್ಕೆ ಒಂದು. ಆದರೂ 2015ರಲ್ಲಿ ಈ ಸಂಖ್ಯೆ 8,500ರ ಆಸುಪಾಸಿನಲ್ಲಿತ್ತೆಂಬುದನ್ನು ನೆನೆದರೆ, ವಿಷಯವನ್ನು ಹಗುರವಾಗಿ ತಳ್ಳಿಹಾಕುವಂತೆಯೂ ಇಲ್ಲ.

ಅಲ್ಲಿಯ ಸುಂಕ ಮತ್ತು ಗಡಿ ರಕ್ಷಣಾ ಇಲಾಖೆಯು 2018ರ ಜನವರಿಯಲ್ಲಿ ಹೊರಡಿಸಿದ ನಿರ್ದೇಶನವು ಶೋಧವನ್ನು ಎರಡು ಬಗೆಯಾಗಿ ವಿಂಗಡಿಸಿತು. ಅಧಿಕಾರಿಯು ಮೊಬೈಲನ್ನು ಕೈಯಲ್ಲಿ ಹಿಡಿದು ಚಿತ್ರಗಳನ್ನೂ ಸಂದೇಶಗಳನ್ನೂ ನೋಡುತ್ತ ಹೋಗುವುದು ಸಾಮಾನ್ಯ ಶೋಧ. ಇದಕ್ಕೆ ಸಂಶಯದ ಕಾರಣವೇ ಬೇಕಿಲ್ಲ. ಹತ್ತರಲ್ಲಿ ಒಂಬತ್ತು ಶೋಧಗಳು ಈ ಬಗೆಯವು. ಬೇರೊಂದು ಯಂತ್ರಕ್ಕೆ ಜೋಡಿಸಿ, ಒಳಗಿರುವುದನ್ನು ನಕಲು ಮಾಡಿಕೊಂಡು ಪರೀಕ್ಷಿಸುವುದು ವಿಶೇಷ ಶೋಧ. ಇದಕ್ಕೆ ಸಮಂಜಸವಾದ ಸಂಶಯವೋ ರಾಷ್ಟ್ರೀಯ ಭದ್ರತೆಯ ಕಾರಣವೋ ಇರಬೇಕು, ಜೊತೆಗೆ ಮೇಲಧಿಕಾರಿಯ ಒಪ್ಪಿಗೆಯೂ ಬೇಕು. ಎರಡರಲ್ಲಿಯೂ ಸಾಧನದೊಳಗೆ ಇರುವುದನ್ನು ಮಾತ್ರ ನೋಡಬೇಕೆಂದೂ, ಅಂತರ್ಜಾಲದ ಸಂಪರ್ಕವನ್ನು ಕಡಿದಿಡಬೇಕೆಂದೂ ಆ ನಿರ್ದೇಶನ ವಿಧಿಸಿತು. ಮುಂದೆ ಹೇಳಲಿರುವ ಉಪಾಯಕ್ಕೆ ಈ ಮಾತೇ ಆಧಾರ.

ಇದು ನಮ್ಮ ಖಾಸಗಿತನದ ಹಕ್ಕಿಗೆ ಭಂಗವಲ್ಲವೇ ಎಂದು ಕೇಳಬಹುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಕನ್ನಡಿಗರೊಬ್ಬರ ಹೆಸರಿನಲ್ಲಿ ನಿಂತಿರುವ ಈ ತೀರ್ಪು ನಮಗೆ ಹೆಮ್ಮೆಯ ಸಂಗತಿ. ಆದರೆ ಅದು ನಮ್ಮ ಸರಕಾರವನ್ನು ಕಟ್ಟಿಹಾಕುತ್ತದೆಯೇ ಹೊರತು ಪರದೇಶದ ಅಧಿಕಾರಿಯನ್ನಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವೂ 2014ರಲ್ಲಿ, ಬಂಧಿತನ ಮೊಬೈಲನ್ನು ನೋಡಲು ಪೊಲೀಸರಿಗೆ ವಾರಂಟು ಬೇಕೆಂದು ತೀರ್ಪಿತ್ತಿದೆ. ಗಡಿಯ ಮಾತೇ ಬೇರೆ. ಒಳಬರುವವರನ್ನು ವಾರಂಟಿಲ್ಲದೆ ಶೋಧಿಸುವ ಅಧಿಕಾರ ಅಲ್ಲಿ ಹಿಂದಿನಿಂದ ಬಂದುದು. ಅದು ಮೊಬೈಲಿಗೆ ಎಷ್ಟರ ಮಟ್ಟಿಗೆ ಸಲ್ಲುತ್ತದೆಂಬುದರಲ್ಲಿ ಅಲ್ಲಿಯ ಕೆಳಗಿನ ನ್ಯಾಯಾಲಯಗಳಲ್ಲಿಯೇ ಒಮ್ಮತವಿಲ್ಲ. ಆ ಗಡಿಯೂ ಅಮೆರಿಕದ ನೆಲದಲ್ಲಿಯೇ ಇರಬೇಕೆಂದಿಲ್ಲ. ಅಬುಧಾಬಿಯ ಮೂಲಕ ಹೋಗುವವರ ತಪಾಸಣೆಯನ್ನು 2014ರಿಂದ ಅಮೆರಿಕದ ಅಧಿಕಾರಿಗಳು ಅಲ್ಲಿಯ ವಿಮಾನ ನಿಲ್ದಾಣದಲ್ಲಿಯೇ ನಡೆಸುತ್ತಾರೆ.

ಒಂದೇ ಕುಟುಂಬದವರಾದರೂ ಎಲ್ಲರ ಸ್ಥಿತಿ ಒಂದೇ ಅಲ್ಲ. ಅಳಿಯನು ಆ ದೇಶದ ಪೌರನಾಗಿದ್ದರೆ, ಗುಪ್ತಸಂಖ್ಯೆ ಹೇಳಲೊಪ್ಪದಿದ್ದರೂ ಅವನಿಗೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಮೊಬೈಲನ್ನು ಮಾತ್ರ ತಡೆದಿಟ್ಟುಕೊಳ್ಳಬಹುದು. ಹಾಗೆ ಇಟ್ಟುಕೊಂಡರೆ ರಶೀದಿಯನ್ನು ಕೇಳಿ ಪಡೆಯಬೇಕು. ಆದರೆ ಸಂದರ್ಶಕರ ವೀಸಾದ ಮೇಲೆ ಹೋದ ಅತ್ತೆಯವರು ನಿರಾಕರಿಸಿದರೆ, ಅದನ್ನೇ ಕಾರಣವಾಗಿಟ್ಟುಕೊಂಡು ಅವರನ್ನು ಹಿಂದಕ್ಕೆ ಕಳುಹಿಸಬಹುದು. ಹಕ್ಕಿನ ಮಾತು ಆಡುವ ಮೊದಲು ಈ ಅಂತರವನ್ನು ಅರಿತಿರುವುದು ಒಳಿತು.

ನಮ್ಮಲ್ಲಿ ಮುಚ್ಚಿಡುವಂಥದು ಏನಿದೆ, ನೋಡಿದರೆ ನೋಡಲಿ ಎನ್ನುವ ಸಜ್ಜನರು ಬಹಳ. ಆ ಸರಳತೆಯನ್ನು ನಾವು ಗೌರವಿಸುತ್ತೇವೆ. ಆದರೆ ಮೊಬೈಲಿನಲ್ಲಿರುವುದೆಲ್ಲ ನಮ್ಮದೇ ಅಲ್ಲವೆಂಬುದನ್ನು ಅವರು ಮರೆಯುತ್ತಾರೆ. ಸಂಬಂಧ ಕೂಡಿಸಲೆಂದು ಬೀಗರ ಕಡೆಯವರು ಕಳುಹಿಸಿದ ಹೆಣ್ಣುಮಕ್ಕಳ ಭಾವಚಿತ್ರ, ಜಾತಕ, ವಿಳಾಸ ಅದರಲ್ಲಿವೆ. ತಂಗಿಯ ಆಸ್ಪತ್ರೆಯ ವರದಿ ಅದರಲ್ಲಿದೆ. ಆಸ್ತಿಯ ಪಾಲಿನ ಬಗ್ಗೆ ಅಣ್ಣತಮ್ಮಂದಿರು ನೊಂದು ಬರೆದ ಮಾತುಗಳಿವೆ. ನೆರೆಯವರು ನಂಬಿ ಕೊಟ್ಟ ಆಧಾರ್ ಕಾರ್ಡಿನ ನಕಲಿದೆ. ಇವರಾರೂ ತಮ್ಮ ಗುಟ್ಟು ಪರದೇಶದ ಅಧಿಕಾರಿಯ ಕಣ್ಣಿಗೆ ಬೀಳಲೆಂದು ಒಪ್ಪಿಗೆ ಕೊಟ್ಟವರಲ್ಲ. ನಮ್ಮ ಗುಟ್ಟನ್ನು ಬಿಟ್ಟುಕೊಡುವುದು ನಮ್ಮ ಇಷ್ಟ. ಪರರು ನಂಬಿ ಇಟ್ಟುದನ್ನು ಕಾಯುವುದು ನಮ್ಮ ಹೊಣೆ. ನಾವು ಮುಖ್ಯವಾಗಿ ಹೇಳಬಯಸುವುದು ಇದನ್ನೇ.

ಹಾಗಾದರೆ ಮಾಡಬೇಕಾದುದೇನು? ಕಟ್ಟೆಯ ಮುಂದೆ ನಿಂತು ವಾದಿಸುವುದಕ್ಕಿಂತ ಮನೆಯಿಂದ ಕಡಿಮೆ ಒಯ್ಯುವುದು ಲೇಸು. ಹೊರಡುವ ವಾರದ ಮೊದಲೇ ಚಿತ್ರಗಳನ್ನೂ ಕಾಗದಪತ್ರಗಳನ್ನೂ ಮನೆಯಲ್ಲಿ ಉಳಿಯುವ ಕಂಪ್ಯೂಟರಿಗೋ ಅಂತರ್ಜಾಲದ ಖಾತೆಗೋ ಸಾಗಿಸಿ, ಮೊಬೈಲಿನಿಂದ ತೆಗೆಯಬೇಕು. ಅಳಿಸಿದ ಚಿತ್ರಗಳು ಕೆಲವು ವಾರ ಕಸದ ಬುಟ್ಟಿಯಲ್ಲಿಯೇ ಉಳಿದಿರುವುದರಿಂದ ಅದನ್ನೂ ಬರಿದು ಮಾಡಬೇಕು. ಆ ಖಾತೆಯಿಂದ ಹೊರಬಂದು, ಊರು ಮುಟ್ಟಿದ ಮೇಲೆ ಮತ್ತೆ ಸೇರಬಹುದು. ವಿಮಾನ ಇಳಿಯುವ ಮೊದಲು ಮೊಬೈಲನ್ನು ಪೂರ್ತಿಯಾಗಿ ಆರಿಸುವುದು ಒಳ್ಳೆಯದು; ಹಾಗೆ ಆರಿಸಿದ ಮೊಬೈಲು ಮತ್ತೆ ಹೊತ್ತಿಸಿದಾಗ ಬೆರಳಿಗೂ ಮುಖಕ್ಕೂ ತೆರೆಯದೆ, ಮೊದಲು ಗುಪ್ತಸಂಖ್ಯೆಯನ್ನೇ ಕೇಳುತ್ತದೆ. ಮಗನ ವಿಳಾಸ, ದೂರವಾಣಿ ಸಂಖ್ಯೆ, ಮರಳುವ ಟಿಕೆಟ್ಟು, ಔಷಧದ ಚೀಟಿ ಇವೆಲ್ಲ ಕಾಗದದ ಮೇಲೆ ಇರಲಿ. ಅಧಿಕಾರಿಯ ಸಾಮಾನ್ಯ ಪ್ರಶ್ನೆಗೆ ಉತ್ತರಿಸಲು ನಾವಾಗಿಯೇ ಮೊಬೈಲನ್ನು ಹೊರತೆಗೆಯುವ ಪ್ರಸಂಗ ಬರಬಾರದು.

ಮಾಡಬಾರದುದೂ ಉಂಟು. ಸರದಿಯಲ್ಲಿ ನಿಂತು ಗಾಬರಿಯಿಂದ ಸಂದೇಶಗಳನ್ನು ಅಳಿಸುವುದು ಸಂಶಯಕ್ಕೆ ಎಡೆಗೊಡುತ್ತದೆ. ಸುಳ್ಳು ಹೇಳುವುದಂತೂ ಎಂದಿಗೂ ಸಲ್ಲದು; ಹೇಳಿದವರಿಗೆ ಮುಂದೆ ಹಲವು ವರ್ಷ ಪ್ರವೇಶವೇ ಸಿಗದೆ ಹೋಗಬಹುದು. ಇಂಗ್ಲಿಷ್ ಬಾರದ ಹಿರಿಯರು ಅರ್ಥವಾಗದ ಪ್ರಶ್ನೆಗೆ ತಲೆಯಾಡಿಸದೆ, ದುಭಾಷಿ ಬೇಕೆಂದು ಕೇಳಲು ಸಂಕೋಚಪಡಬಾರದು.

ಕಿರಿಯರಿಗೆ ಈ ಪರೀಕ್ಷೆ ಗಡಿಗಿಂತ ಮೊದಲೇ ಆರಂಭವಾಗುತ್ತದೆ. ಹಿಂದಿನ ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣಗಳ ಹೆಸರನ್ನು ವೀಸಾ ಅರ್ಜಿಯಲ್ಲಿ ಬರೆಯಬೇಕೆಂಬ ನಿಯಮ 2019ರಲ್ಲಿ ಬಂದಿತು. 2025ರ ಜೂನ್‌ನಲ್ಲಿ ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ಸೂಚಿಸಲಾಯಿತು. ಅದೇ ಡಿಸೆಂಬರಿನಲ್ಲಿ ಎಚ್-1ಬಿ ನೌಕರರಿಗೂ ಅವರ ಅವಲಂಬಿತರಿಗೂ ಇದನ್ನು ವಿಸ್ತರಿಸಲಾಯಿತು. ವಿನೋದಕ್ಕೆಂದು ಬರೆದ ಮಾತನ್ನು ನಮ್ಮ ನಗೆಯನ್ನರಿಯದ ಅಧಿಕಾರಿ ಓದುತ್ತಾನೆಂಬ ಎಚ್ಚರ ಮಕ್ಕಳಿಗಿರಬೇಕು.

ಪೆಟ್ಟಿಗೆಯನ್ನು ತೂಗುವ ದಿನವೇ ಮನೆಮಂದಿ ಕುಳಿತು ಹಿರಿಯರ ಮೊಬೈಲನ್ನೂ ತೂಗಿ ನೋಡಲಿ. ಇದನ್ನು ಮಾಡಿಕೊಡುವುದು ಮೊಮ್ಮಕ್ಕಳಿಗೆ ಒಂದು ಸಂಜೆಯ ಕೆಲಸ. ಅಜ್ಜಿಯ ಮೊಬೈಲಿನಲ್ಲಿ ಮೊಮ್ಮಗುವಿನ ನಾಲ್ಕು ಚಿತ್ರಗಳು, ಮಾತನಾಡಲು ಬೇಕಾದ ಹತ್ತು ಸಂಖ್ಯೆಗಳು ಉಳಿದರೆ ದಾರಿಗೆ ಅಷ್ಟು ಸಾಕು. ಬೀಗರ ಮನೆಯ ಹೆಣ್ಣುಮಗಳ ಭಾವಚಿತ್ರ ಊರಲ್ಲಿಯೇ ಇರಲಿ.