ಪೆಟ್ಟಿಗೆಯೊಳಗಣ ನಿಯಮ

ಪ್ರೌಢಶಾಲೆಯನ್ನು ಮುಗಿಸಿ ಕಾಲೇಜಿಗೆ ಬಂದ ವಿದ್ಯಾರ್ಥಿಗಳಿಗೆ ಭೌತವಿಜ್ಞಾನವನ್ನು ಬೋಧಿಸುವ ನಮಗೆ ಪ್ರತಿವರ್ಷವೂ ಒಂದು ಸಂಗತಿ ಎದುರಾಗುತ್ತದೆ. ಸೂತ್ರವೊಂದನ್ನು ಕೊಟ್ಟು, ಅದರಲ್ಲಿ ಸಂಖ್ಯೆಗಳನ್ನು ಹಾಕಿ ಉತ್ತರವನ್ನು ತೆಗೆಯಿರೆಂದರೆ ಬಹುಮಂದಿ ಸಲೀಸಾಗಿ ತೆಗೆಯುತ್ತಾರೆ. ಆದರೆ ಸ್ಪ್ರಿಂಗಿಗೆ ಬಗೆಬಗೆಯ ತೂಕಗಳನ್ನು ತೂಗುಹಾಕಿ, ಪ್ರತಿಯೊಂದಕ್ಕೂ ಅದು ಎಷ್ಟೆಷ್ಟು ಹಿಗ್ಗಿತೆಂಬುದನ್ನು ಪಟ್ಟಿಮಾಡಿ, "ಇವೆರಡಕ್ಕೂ ಏನು ಸಂಬಂಧ?" ಎಂದು ಕೇಳಿದೊಡನೆ, "ಯಾವ ಸೂತ್ರ ಹಾಕಬೇಕು, ಸಾರ್?" ಎಂಬ ಮರುಪ್ರಶ್ನೆ ಬರುತ್ತದೆ. ಈ ತರುಣರು ಬುದ್ಧಿಯಲ್ಲಿ ಯಾರಿಗೂ ಕಡಮೆಯವರಲ್ಲ. ಸಂಖ್ಯೆಗಳ ನಡುವೆ ಅಡಗಿರುವ ನಿಯಮವನ್ನು ತಾವೇ ಹುಡುಕುವ ಅಭ್ಯಾಸ ಅವರಿಗೆ ಎಂದೂ ಆಗಿಲ್ಲ, ಅಷ್ಟೆ. ಆ ಅಭ್ಯಾಸವು ಪ್ರಾಥಮಿಕ ಶಾಲೆಯ ಮೂರು ನಾಲ್ಕನೆಯ ತರಗತಿಗಳಲ್ಲಿಯೇ ಆರಂಭವಾಗಬೇಕೆಂದು ನಮ್ಮ ಅಭಿಪ್ರಾಯ. ಅದಕ್ಕೆ ತಕ್ಕ ಸಾಧನವೆಂದರೆ 'ಸಂಖ್ಯಾಯಂತ್ರ'.

ಹೆಸರನ್ನು ಕೇಳಿ ಯಾರೂ ಬೆದರಬೇಕಾಗಿಲ್ಲ. ಗಿರಣಿಗೆ ರಾಗಿಯನ್ನು ಹಾಕಿದರೆ ರಾಗಿಯ ಹಿಟ್ಟೂ ಜೋಳವನ್ನು ಹಾಕಿದರೆ ಜೋಳದ ಹಿಟ್ಟೂ ಬರುವುದೆಂಬುದು ಚಿಕ್ಕ ಮಗುವಿಗೂ ಗೊತ್ತು. ಸಂಖ್ಯಾಯಂತ್ರವೂ ಅಂತಹುದೇ. ರಟ್ಟಿನ ಪೆಟ್ಟಿಗೆಯೊಂದಕ್ಕೆ ಎರಡು ಕಂಡಿಗಳು. ಒಂದರಲ್ಲಿ ಸಂಖ್ಯೆಯನ್ನು ಬರೆದ ಚೀಟಿಯನ್ನು ಹಾಕಿದರೆ ಮತ್ತೊಂದರಿಂದ ಬೇರೊಂದು ಸಂಖ್ಯೆಯ ಚೀಟಿ ಹೊರಬರುತ್ತದೆ. ಪೆಟ್ಟಿಗೆಯ ಹಿಂದೆ ಕುಳಿತ ಉಪಾಧ್ಯಾಯರು ತಮ್ಮ ಮನಸ್ಸಿನಲ್ಲಿಯೇ ಗೊತ್ತುಮಾಡಿಕೊಂಡ ನಿಯಮದಂತೆ ಉತ್ತರವನ್ನು ಬರೆದು ಕಳುಹಿಸುತ್ತಾರೆ. ಕಟ್ಟಳೆ ಒಂದೇ: ಒಮ್ಮೆ ೫ಕ್ಕೆ ೧೧ನ್ನು ಕೊಟ್ಟ ಯಂತ್ರವು ಮತ್ತೆಂದು ೫ನ್ನು ಹಾಕಿದರೂ ೧೧ನ್ನೇ ಕೊಡಬೇಕು. ಮೇಲಿನ ತರಗತಿಗಳ ಗಣಿತದಲ್ಲಿ 'ಫಲನ' ಅಥವಾ 'ಉತ್ಪನ್ನ' ಎಂದು ಕರೆಯುವುದರ ತಿರುಳು ಇಷ್ಟೇ. ಹದಿನೇಳನೆಯ ಶತಮಾನದಲ್ಲಿ ಲೈಬ್ನಿಟ್ಸನು ಹೆಸರಿಟ್ಟು, ೧೭೩೪ರಲ್ಲಿ ಆಯ್ಲರನು ಇಂದಿಗೂ ಬಳಕೆಯಲ್ಲಿರುವ ಸಂಕೇತವನ್ನು ಕೊಟ್ಟ ಈ ಭಾವನೆಯು ಎಂಟು ವರ್ಷದ ಮಗುವಿನ ಕೈಗೆ ಆಟದ ವಸ್ತುವಾಗಿ ಬರಬಲ್ಲುದು.

ಆಟದ ಸ್ವಾರಸ್ಯವನ್ನು ನೋಡಿರಿ. ಯಂತ್ರಕ್ಕೆ ೨ನ್ನು ಹಾಕಿದೆವು, ೪ ಬಂದಿತು. ನಿಯಮವೇನು? "ಎರಡು ಕೂಡಿಸುತ್ತದೆ" ಎಂದು ಒಬ್ಬಳು, "ಎರಡರಷ್ಟು ಮಾಡುತ್ತದೆ" ಎಂದು ಇನ್ನೊಬ್ಬ, "ಅದರಿಂದಲೇ ಅದನ್ನು ಗುಣಿಸುತ್ತದೆ" ಎಂದು ಮತ್ತೊಬ್ಬಳು ಹೇಳುವರು. ಇದುವರೆಗಿನ ಮಟ್ಟಿಗೆ ಮೂವರ ಮಾತೂ ಸರಿಯೇ! ಈಗ ೩ನ್ನು ಹಾಕೋಣ. ೫ ಬಂದರೆ ಮೊದಲನೆಯವಳ, ೬ ಬಂದರೆ ಎರಡನೆಯವನ, ೯ ಬಂದರೆ ಮೂರನೆಯವಳ ಊಹೆ ಉಳಿಯುವುದು. ೭ ಬಂದರೆ ಮೂವರೂ ಹೊಸದಾಗಿ ಯೋಚಿಸಬೇಕಾಗುವುದು. ಉತ್ತರವನ್ನು ಹೇಳುವುದು ಪುಸ್ತಕದ ಕೊನೆಯ ಪುಟವಲ್ಲ, ಉಪಾಧ್ಯಾಯರ ಮುಖಭಾವವೂ ಅಲ್ಲ, ಮುಂದಿನ ಚೀಟಿ.

ವಿಜ್ಞಾನಿಯ ಕೆಲಸವೂ ಇದೇ ಅಲ್ಲವೆ? ಗೆಲಿಲಿಯೊ ಇಳಿಜಾರಿನಲ್ಲಿ ಗುಂಡನ್ನು ಉರುಳಿಸಿ, ೧, ೨, ೩ ಮಾನಗಳಷ್ಟು ಕಾಲದಲ್ಲಿ ಅದು ಸಾಗುವ ದೂರಗಳು ೧, ೪, ೯ರ ಪ್ರಮಾಣದಲ್ಲಿರುವುದನ್ನು ಕಂಡು, ೧೬೩೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ನಿಸರ್ಗವೆಂಬ ಪೆಟ್ಟಿಗೆಯ ಮುಚ್ಚಳವನ್ನು ಯಾರೂ ತೆರೆದು ತೋರಿಸುವುದಿಲ್ಲ. ಹಾಕಿದುದನ್ನೂ ಬಂದುದನ್ನೂ ನೋಡಿ, ನಿಯಮವನ್ನು ಊಹಿಸಿ, ಊಹೆಯನ್ನು ಒರೆಗೆ ಹಚ್ಚಬೇಕು.

ಈ ಒರೆಗೆ ಹಚ್ಚುವ ಬುದ್ಧಿಯು ವಯಸ್ಸಿನೊಡನೆ ತಾನಾಗಿ ಬರುವುದಿಲ್ಲ. ಇಂಗ್ಲೆಂಡಿನ ಮನೋವಿಜ್ಞಾನಿ ಪೀಟರ್ ವೇಸನ್ ೧೯೬೦ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದನು. ೨, ೪, ೬ ಎಂಬ ಮೂರು ಸಂಖ್ಯೆಗಳು ಒಂದು ನಿಯಮಕ್ಕೆ ಒಪ್ಪುತ್ತವೆಂದು ಕಾಲೇಜು ವಿದ್ಯಾರ್ಥಿಗಳಿಗೆ ತಿಳಿಸಿ, ತಾವೇ ಬೇರೆ ಸಂಖ್ಯೆಗಳನ್ನು ಸೂಚಿಸಿ ಪರೀಕ್ಷಿಸುತ್ತ ಆ ನಿಯಮವನ್ನು ಕಂಡುಹಿಡಿಯಲು ಹೇಳಿದನು. ಅನೇಕರು "ಎರಡೆರಡಾಗಿ ಏರುತ್ತದೆ" ಎಂಬಂತಹ ಊಹೆಗಳನ್ನು ಹಿಡಿದು, ಅವಕ್ಕೆ ಒಪ್ಪುವ ೮, ೧೦, ೧೨ರಂತಹ ಸಂಖ್ಯೆಗಳನ್ನೇ ಸೂಚಿಸಿ, ತಪ್ಪು ನಿಯಮವನ್ನು ಧೈರ್ಯವಾಗಿ ಸಾರಿದರು. ನಿಜವಾದ ನಿಯಮವು ಏರುವ ಯಾವ ಮೂರು ಸಂಖ್ಯೆಗಳಾದರೂ ಸರಿಯೆಂಬುದಷ್ಟೇ ಆಗಿತ್ತು. ೧, ೨, ೩ ಎಂದು ಕೇಳಿದ್ದರೆ ಸಾಕಾಗಿತ್ತು! ತನ್ನ ಊಹೆಯನ್ನು ಮುರಿಯಬಲ್ಲ ಸಂಖ್ಯೆಯನ್ನು ತಾನೇ ಹುಡುಕುವುದು ಕಲಿತು ಬರಬೇಕಾದ ಗುಣ.

"ಮಗ್ಗಿಯೇ ಬಾರದ ಮಕ್ಕಳಿಗೆ ಈ ಆಟವೇಕೆ?" ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ, ಮಗ್ಗಿ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಏಳರ ಮಗ್ಗಿಯೂ ಒಂದು ಸಂಖ್ಯಾಯಂತ್ರವೇ ಅಲ್ಲವೆ? ನಿಯಮವನ್ನು ಬೇಟೆಯಾಡುವ ಮಗು ಹತ್ತಾರು ಲೆಕ್ಕಗಳನ್ನು ಬೇಸರವಿಲ್ಲದೆ ಮಾಡಿಬಿಡುತ್ತದೆ. ಇನ್ನೂ ಒಂದು ಲಾಭವುಂಟು. ಹಿಟ್ಟನ್ನು ಮತ್ತೆ ರಾಗಿಯಾಗಿಸಲು ಗಿರಣಿಗೆ ಸಾಧ್ಯವಿಲ್ಲ. ಎಷ್ಟೋ ಸಂಖ್ಯಾಯಂತ್ರಗಳನ್ನು ಹಿಮ್ಮುಖವಾಗಿ ನಡೆಸಬಹುದು. "ಮೂರರಿಂದ ಗುಣಿಸಿ ಒಂದು ಕೂಡಿಸು" ಎಂಬ ಯಂತ್ರದಿಂದ ೨೨ ಬಂದಿದ್ದರೆ ಹಾಕಿದ್ದೇನು? ಮೊದಲು ಒಂದನ್ನು ಕಳೆದು, ಆಮೇಲೆ ಮೂರರಿಂದ ಭಾಗಿಸಿದ ಮಗು ೭ ಎನ್ನುತ್ತದೆ. ಬೀಜಗಣಿತದ ಸಮೀಕರಣವನ್ನು ಅದು ಆಗಲೇ ಬಿಡಿಸಿಯಾಯಿತು.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ಪಟದಲ್ಲಿ ಯಂತ್ರವನ್ನು ಬರೆದು, ನಿಯಮವನ್ನೂ ಮೇಲೆಯೇ ಬರೆದು, ಬಿಟ್ಟ ಸ್ಥಳಗಳನ್ನು ತುಂಬಿರೆಂದರೆ, ಅದು ಹಳೆಯ ಲೆಕ್ಕಕ್ಕೆ ಹೊಸ ಅಂಗಿ ತೊಡಿಸಿದಂತಾಗುವುದು. ನಿಯಮವು ಗುಪ್ತವಾಗಿರಬೇಕು, ಯಾವ ಸಂಖ್ಯೆಯನ್ನು ಹಾಕಬೇಕೆಂಬ ಆಯ್ಕೆ ಮಗುವಿನದಾಗಿರಬೇಕು, ತಪ್ಪಿದ ಊಹೆಗೆ ನಗೆಯಾಗಲಿ ಪೆಟ್ಟಾಗಲಿ ಸಿಕ್ಕಕೂಡದು.

ವಿದ್ಯಾರ್ಥಿಮಿತ್ರರೆ, ಪಠ್ಯಕ್ರಮವು ಬದಲಾಗುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ನಿಮ್ಮ ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಈ ಸಂಜೆಯೇ ನೀವು ಯಂತ್ರವಾಗಿ ಕುಳಿತುಕೊಳ್ಳಿರಿ. ಪೆಟ್ಟಿಗೆಯೂ ಬೇಡ, ಒಂದು ಹಾಳೆ ಸಾಕು. ಬಳಿಕ ಸ್ಥಾನಗಳನ್ನು ಅದಲುಬದಲು ಮಾಡಿ, ಅವರು ಮನಸ್ಸಿನಲ್ಲಿಟ್ಟುಕೊಂಡ ನಿಯಮವನ್ನು ನೀವು ಹುಡುಕಿರಿ. ಆಗ ನೀವು ಆರಿಸುವ ಸಂಖ್ಯೆ ನಿಮ್ಮ ಊಹೆಯನ್ನು ಸಮರ್ಥಿಸುವುದಕ್ಕೋ ಪರೀಕ್ಷಿಸುವುದಕ್ಕೋ ಎಂಬುದನ್ನು ಗಮನಿಸಿರಿ. ನಮ್ಮ ಪ್ರಯೋಗಶಾಲೆಗೆ ಬರುವ ಮೊದಲು ನೀವು ಮಾಡಿಕೊಳ್ಳಬಹುದಾದ ಸಿದ್ಧತೆಗಳಲ್ಲಿ ಇದಕ್ಕಿಂತ ಉತ್ತಮವಾದುದನ್ನು ನಾವು ಕಾಣೆವು.