ಜತ್ತದ ಪದವೀಧರರ ಕಾಗದಪತ್ರ ಯಾರ ಕಪಾಟಿನಲ್ಲಿವೆ?

ಮಹಾರಾಷ್ಟ್ರದ ಗಡಿ ತಾಲ್ಲೂಕಾದ ಜತ್ತದ ಕನ್ನಡ ಮನೆಯೊಂದರ ಮೂರು ತಲೆಮಾರಿನವರು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲೇ ಓದಿದ್ದಾರೆ ಎಂದುಕೊಳ್ಳೋಣ. ಅಜ್ಜನ ಪದವಿಪತ್ರದ ಮೇಲೆ ಮುಂಬಯಿ ವಿಶ್ವವಿದ್ಯಾಲಯದ ಮುದ್ರೆ ಇರುತ್ತದೆ. 1949ರ ನಂತರ ಓದಿದ ಮಗನದು ಪುಣೆಯ ಮುದ್ರೆ. 1962ರ ಆಚೆ ಕಾಲೇಜು ಸೇರಿದ ಮೊಮ್ಮಗಳದು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ್ದು. ಕಾಲೇಜು ಇದ್ದಲ್ಲೇ ಇದೆ, ವಿಶ್ವವಿದ್ಯಾಲಯ ಮಾತ್ರ ಎರಡು ಸಲ ಬದಲಾಗಿದೆ. ಅದೇ ಮನೆಯ ಇನ್ನೊಬ್ಬ ಹುಡುಗ ಕನ್ನಡದಲ್ಲೇ ಓದಬೇಕೆಂದು ವಿಜಯಪುರದ ಹಾದಿ ಹಿಡಿದಿದ್ದರೆ ಅವನ ದಾಖಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಿಗಬೇಕು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಹೋದವರದು ಅಲ್ಲಿ.

ಹೀಗೆ ಒಂದು ತಾಲ್ಲೂಕಿನ ಉನ್ನತ ಶಿಕ್ಷಣದ ಚರಿತ್ರೆ ಐದು ಊರುಗಳ ಕಪಾಟುಗಳಲ್ಲಿ ಹಂಚಿಹೋಗಿದೆ.

ವಿಶ್ವವಿದ್ಯಾಲಯಗಳು ತಮ್ಮ ಚರಿತ್ರೆಯನ್ನು ನೆನೆಯುವುದು ಹೆಚ್ಚಾಗಿ ಬೆಳ್ಳಿಹಬ್ಬ, ಚಿನ್ನದಹಬ್ಬದ ಹೊತ್ತಿಗೆ. ಆಗ ದಪ್ಪನೆಯ ಸ್ಮರಣ ಸಂಚಿಕೆ ಬರುತ್ತದೆ. ಕುಲಪತಿಗಳ ಭಾವಚಿತ್ರ, ಕಟ್ಟಡಗಳ ಫೋಟೊ, ಘಟಿಕೋತ್ಸವಕ್ಕೆ ಬಂದ ಗಣ್ಯರ ಹೆಸರು ಎಲ್ಲವೂ ಅದರಲ್ಲಿರುತ್ತವೆ. ಇವು ಬೇಡವೆಂದಲ್ಲ. ಆದರೆ ವಿಶ್ವವಿದ್ಯಾಲಯ ನಿಜವಾಗಿ ಏನು ಮಾಡಿತು ಎನ್ನುವುದು ಗೊತ್ತಾಗುವುದು ಅಧ್ಯಯನ ಮಂಡಳಿಯ ನಡಾವಳಿ, ಕಾಲೇಜುಗಳ ತಪಾಸಣಾ ವರದಿ, ಹಳೆಯ ಪಠ್ಯಕ್ರಮ, ಪ್ರವೇಶ ರಜಿಸ್ಟರುಗಳಿಂದ. ಯಾವ ಕಾಲೇಜಿಗೆ ಯಾವ ವರ್ಷ ಕನ್ನಡ ಕಲಿಸಲು ಅನುಮತಿ ಸಿಕ್ಕಿತು, ಎಷ್ಟು ಮಕ್ಕಳು ಸೇರಿದರು, ಅಧ್ಯಾಪಕರ ಹುದ್ದೆ ಯಾವಾಗ ಖಾಲಿ ಬಿತ್ತು, ಮತ್ತೆ ತುಂಬಿದರೋ ಇಲ್ಲವೋ, ಎಲ್ಲಕ್ಕೂ ಉತ್ತರ ಅಲ್ಲಿರುತ್ತದೆ.

ಕನ್ನಡದ ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನೇ ತೆಗೆದುಕೊಳ್ಳಿ. ಆ ವರ್ಷ ಯಾವ ಹಳಗನ್ನಡ ಕಾವ್ಯ ಪಠ್ಯವಾಗಿತ್ತು, ಆಗಿನ ಹೊಸ ಲೇಖಕರಿಗೆ ಜಾಗ ಸಿಕ್ಕಿತ್ತೋ ಇಲ್ಲವೋ, ಸಂದರ್ಭ ಸಹಿತ ವಿವರಿಸಲು ಯಾವ ಸಾಲುಗಳನ್ನು ಕೊಡುತ್ತಿದ್ದರು, ಭಾಷಾಂತರಕ್ಕೆ ಎಂಥ ಪರಿಚ್ಛೇದವನ್ನು ಆರಿಸುತ್ತಿದ್ದರು ಎಂಬುದು ಆ ಒಂದೆರಡು ಹಾಳೆಗಳಲ್ಲೇ ತಿಳಿಯುತ್ತದೆ. ಮೂವತ್ತು ವರ್ಷದ ಪ್ರಶ್ನೆಪತ್ರಿಕೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಮಹಾರಾಷ್ಟ್ರದೊಳಗೆ ಕನ್ನಡ ಬೋಧನೆ ನಡೆದು ಬಂದ ದಾರಿ ಕಣ್ಣಿಗೆ ಕಟ್ಟುತ್ತದೆ. ಪರೀಕ್ಷೆ ಮುಗಿದ ಮರುದಿನವೇ ಬೆಲೆ ಕಳೆದುಕೊಳ್ಳುವ ಕಾಗದವಲ್ಲ ಅದು.

ಈ ಸೀಮೆಯ ಕಾಲೇಜುಗಳಲ್ಲಿ ನಡೆದ ಕನ್ನಡದ ಕೆಲಸ ಸಣ್ಣದೂ ಅಲ್ಲ. ರಂ. ಶ್ರೀ. ಮುಗಳಿ ಬಹುಕಾಲ ಕನ್ನಡ ಕಲಿಸಿದ್ದು 1919ರಲ್ಲಿ ಶುರುವಾದ ಇದೇ ವಿಲಿಂಗ್ಡನ್ ಕಾಲೇಜಿನಲ್ಲಿ. ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ 1956ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿ. ಕೃ. ಗೋಕಾಕರು ವಿಲಿಂಗ್ಡನ್‌ನಲ್ಲೂ ಮುಂದೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲೂ ಪ್ರಿನ್ಸಿಪಾಲರಾಗಿದ್ದರು. ಕೆ. ಜಿ. ಕುಂದಣಗಾರರು ಕನ್ನಡ ಕಲಿಸಿದ್ದು, ಆ. ನೇ. ಉಪಾಧ್ಯೆಯವರು ಅರ್ಧಮಾಗಧಿ ಕಲಿಸಿದ್ದು ಅದೇ ರಾಜಾರಾಮದಲ್ಲಿ. ಈ ನಾಲ್ವರೂ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಏರಿದವರು. ಇವರು ಬರೆದ ಪುಸ್ತಕಗಳು ಗ್ರಂಥಾಲಯಗಳಲ್ಲಿ ಸಿಗುತ್ತವೆ. ಆದರೆ ಜತ್ತ ತಾಲ್ಲೂಕಿನ ಸಂಖ, ಉಮದಿ, ಮಾಡಗ್ಯಾಳ, ಬಿಳ್ಳೂರಿನ ಎಷ್ಟು ಹುಡುಗರು ಮುಗಳಿಯವರ ಪಾಠ ಕೇಳಿದರು, ಅವರಲ್ಲಿ ಯಾರು ಊರಿಗೆ ಮರಳಿ ಕನ್ನಡ ಶಾಲೆಗಳ ಮಾಸ್ತರರಾದರು? ಇದನ್ನು ಯಾವ ಪುಸ್ತಕವೂ ಹೇಳದು, ಪ್ರವೇಶ ರಜಿಸ್ಟರು ಮಾತ್ರ ಹೇಳೀತು.

ಗುರುದೇವ ರಾ. ದ. ರಾನಡೆಯವರ ಬದುಕನ್ನು ನೋಡಿದರೆ ದಾಖಲೆಗಳ ಈ ಚದುರುವಿಕೆ ಇನ್ನೂ ನಿಚ್ಚಳವಾಗುತ್ತದೆ. ಜಮಖಂಡಿಯಲ್ಲಿ ಹುಟ್ಟಿದ ಅವರಿಗೆ ದೀಕ್ಷೆ ಕೊಟ್ಟವರು ಜತ್ತ ತಾಲ್ಲೂಕಿನ ಉಮದಿಯ ಭಾವುಸಾಹೇಬ ಮಹಾರಾಜರು. ರಾನಡೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದರು, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಕುಲಪತಿ ಸ್ಥಾನದಲ್ಲೂ ಕೂತರು, 1957ರಲ್ಲಿ ನಿಂಬಾಳದಲ್ಲಿ ತೀರಿಕೊಂಡರು. ಕನ್ನಡ ಸಾಹಿತ್ಯದಲ್ಲಿನ ಭಕ್ತಿಮಾರ್ಗದ ಬಗ್ಗೆ ಅವರು ಮಾಡಿದ ಉಪನ್ಯಾಸಗಳು ಇಂಗ್ಲಿಷ್ ಪುಸ್ತಕವಾಗಿ ಬಂದದ್ದು 1960ರಲ್ಲಿ, ಅವರ ಕಾಲವಾದ ಮೇಲೆ. ಉಮದಿಯ ಪರಂಪರೆ ಅಲಹಾಬಾದಿನ ತರಗತಿಯವರೆಗೆ ಹೋದ ಕಥೆಯನ್ನು ಪೂರ್ತಿ ಬರೆಯಬೇಕೆನ್ನುವವರು ಮೂರು ರಾಜ್ಯಗಳ ದಫ್ತರಗಳನ್ನು ಹುಡುಕಬೇಕು.

ಹಳೆಯ ರಜಿಸ್ಟರುಗಳಿಂದ ಏನು ಉಪಯೋಗ ಎಂದು ಕೇಳುವವರಿಗೆ ಮಹಾರಾಷ್ಟ್ರವೇ ಈಚೆಗೆ ಉತ್ತರ ಕೊಟ್ಟಿದೆ. 2023ರಲ್ಲಿ ಮರಾಠರ ಕುಣಬಿ ನಮೂದುಗಳನ್ನು ಹುಡುಕಲು ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ನೇಮಕವಾದಾಗ ಕಚೇರಿ ಕಚೇರಿಗಳಲ್ಲಿ ಧೂಳು ಹಿಡಿದ ಕಂದಾಯ ಪುಸ್ತಕಗಳೂ ಶಾಲೆಯ ದಾಖಲಾತಿ ಪುಸ್ತಕಗಳೂ ಹೊರಬಂದವು, ಮೋಡಿ ಲಿಪಿ ಓದಬಲ್ಲವರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಕಾಗದ ಉಳಿದಿದ್ದ ಕಡೆ ಕುಟುಂಬಗಳ ಮೀಸಲಾತಿ ಹಕ್ಕಿಗೆ ಆಧಾರ ಸಿಕ್ಕಿತು. ಮಹಾರಾಷ್ಟ್ರದ ಶಾಲಾ ದಾಖಲೆಯಲ್ಲಿ ಜಾತಿಯಂತೆಯೇ ಮಾತೃಭಾಷೆಯ ಕಲಮೂ ಇದೆ. ಜತ್ತದಂಥ ತಾಲ್ಲೂಕಿನಲ್ಲಿ ಆ ಕಲಮಿನ ತೂಕ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. 2022ರಲ್ಲಿ ಜತ್ತದ ಹಳ್ಳಿಗಳು ಯಾವ ರಾಜ್ಯಕ್ಕೆ ಸೇರಬೇಕೆಂದು ಎರಡೂ ರಾಜ್ಯಗಳ ನಾಯಕರು ಮಾತಿಗೆ ಮಾತು ಬೆಳೆಸಿದಾಗ ದಾಖಲೆಗಳಿಗಿಂತ ಘೋಷಣೆಗಳೇ ಹೆಚ್ಚು ಕೇಳಿಸಿದವು.

ಹಾಗೆಂದು ಈ ದಾಖಲೆಗಳನ್ನು ಗಡಿ ವಾದಕ್ಕೆ ಆಯುಧ ಮಾಡಿಕೊಳ್ಳಬಾರದು. ಜತ್ತದ ಮಕ್ಕಳು ಕನ್ನಡ, ಮರಾಠಿ ಎರಡರಲ್ಲೂ ಬೆಳೆದವರು. ಅವರ ಓದಿನ ದಾಖಲೆ ಮರಾಠಿ ಸಂಶೋಧಕರಿಗೂ ಅಷ್ಟೇ ಮುಕ್ತವಾಗಿ ಸಿಗಬೇಕು. ಒಂದು ಕಡೆಯವರು ಮಾತ್ರ ತೆರೆದು ನೋಡುವ ಕಪಾಟನ್ನು ಇನ್ನೊಂದು ಕಡೆಯವರು ನಂಬುವುದಿಲ್ಲ.

ಕಾಯ್ದೆಗೇನೂ ಕೊರತೆಯಿಲ್ಲ. ಸಾರ್ವಜನಿಕ ದಾಖಲೆಗಳ ರಕ್ಷಣೆಗೆ ಮಹಾರಾಷ್ಟ್ರದಲ್ಲಿ 2005ರ ಕಾಯ್ದೆ, ಕರ್ನಾಟಕದಲ್ಲಿ 2010ರ ಕಾಯ್ದೆ ಇವೆ. ಪ್ರತಿಯೊಂದು ಸಾರ್ವಜನಿಕ ಸಂಸ್ಥೆ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಹಿತ ಇಡಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮೇ ಹೇಳುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ತನ್ನ ದಾಖಲೆಗಳನ್ನು ಕಾಯಲೆಂದೇ 1634ರಲ್ಲಿ ಒಬ್ಬರನ್ನು ನೇಮಿಸಿತು, ಆ ಹುದ್ದೆ ಇಂದಿಗೂ ಇದೆ. ಅಷ್ಟು ದೂರ ಹೋಗುವುದೂ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಹಳೆಯ ಕಾಗದಪತ್ರಗಳಿಗೊಂದು ಘಟಕವನ್ನೇ ಇಟ್ಟುಕೊಂಡಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಅಭಿಲೇಖಾಗಾರ 2019ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕಾಗದ ಕಾಯುವ ರೂಢಿ ರಾಜಧಾನಿಯ ಸಿರಿವಂತ ಸಂಸ್ಥೆಗಳಿಗಷ್ಟೇ ಮೀಸಲಾಗಬಾರದು.

ತಡಮಾಡಲು ಪುರಸೊತ್ತೂ ಇಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಸಾಂಗಲಿಗೆ ನುಗ್ಗಿದಾಗ ಅಲ್ಲಿನ ನಗರ ವಾಚನಾಲಯದ ಸಾವಿರಾರು ಪುಸ್ತಕಗಳು ನೀರುಪಾಲಾದವು. ಮಳೆ ಕಾಣದ ಜತ್ತದಲ್ಲಿ ಪ್ರವಾಹದ ಭಯವಿಲ್ಲ, ಆದರೆ ಅಲ್ಲಿ ಗೆದ್ದಲು ಇದೆ, ರದ್ದಿಯ ತಕ್ಕಡಿ ಇದೆ.

ಕೆಲಸ ಎಲ್ಲಿಂದ ಶುರುವಾಗಬೇಕು? ಶಿವಾಜಿ ವಿಶ್ವವಿದ್ಯಾಲಯದಿಂದಲೇ ಶುರುವಾಗಲಿ. ಅದರ ಮೊದಲ ಕುಲಪತಿ ಅಪ್ಪಾಸಾಹೇಬ ಪವಾರ ಸ್ವತಃ ಇತಿಹಾಸಕಾರರು, ತಾರಾಬಾಯಿ, ಶಾಹು ಮಹಾರಾಜರ ಕಾಲದ ಕಾಗದಪತ್ರಗಳನ್ನು ಸಂಪಾದಿಸಿದವರು. 2004ರಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯ ಆಗುವವರೆಗೆ ಸೊಲ್ಲಾಪುರ ಜಿಲ್ಲೆಯ ಕಾಲೇಜುಗಳೂ ಇದರ ಕೆಳಗೇ ಇದ್ದವು. ಆದ್ದರಿಂದ ಜತ್ತದ ಜತೆಗೆ ಅಕ್ಕಲಕೋಟೆಯ ಕನ್ನಡಿಗರ ನಾಲ್ಕು ದಶಕದ ಓದೂ ಅದರ ಕಡತಗಳಲ್ಲಿದೆ. ಕನ್ನಡ ಅಧ್ಯಯನ ಮಂಡಳಿಯ ನಡಾವಳಿ, ಪಠ್ಯಕ್ರಮ, ಪ್ರಶ್ನೆಪತ್ರಿಕೆಗಳ ಒಂದು ಪಟ್ಟಿಯನ್ನು ಅದು ಮೊದಲು ಹೊರತರಲಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಶಾಸನ, ಹಸ್ತಪ್ರತಿಗಳನ್ನು ಕೂಡಿಸುತ್ತ ಬಂದು 1958ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಭಾಗವಾಯಿತು. ತಾಳೆಗರಿಗೆ ಸಿಗುವ ಗೌರವ ವಿಶ್ವವಿದ್ಯಾಲಯದ ಸ್ವಂತ ಕಡತಗಳಿಗೂ ಸಿಗಬೇಕು. ಎರಡೂ ವಿಶ್ವವಿದ್ಯಾಲಯಗಳ ಕುಲಸಚಿವರ ಕಚೇರಿಗಳು ಕೂಡಿ ಕೂತರೆ ಸ್ಕ್ಯಾನ್ ಮಾಡಿಸುವ ಖರ್ಚಿಗೆ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೆಗಲು ಕೊಡಬಹುದು. ಭವನ ಕಟ್ಟುವುದಕ್ಕಿಂತ ಇದು ಅಗ್ಗದ ಕೆಲಸ.

ಜತ್ತದ ಮನೆಗಳವರೂ ಕೈಕಟ್ಟಿ ಕೂರಬೇಕಿಲ್ಲ. ಟ್ರಂಕಿನಲ್ಲಿ ಕಾಲೇಜಿನ ವಾರ್ಷಿಕ ಸಂಚಿಕೆ, ಹಾಲ್ ಟಿಕೆಟ್, ಹಾಸ್ಟೆಲಿನ ರಸೀದಿ, ಸಾಲಾಗಿ ನಿಂತು ತೆಗೆಸಿಕೊಂಡ ಬೀಳ್ಕೊಡುಗೆಯ ಫೋಟೊ ಇದ್ದರೆ ರದ್ದಿಗೆ ಹಾಕಬೇಡಿ. ಫೋಟೊದ ಹಿಂದೆ ಗೊತ್ತಿರುವವರ ಹೆಸರು, ಊರು, ಇಸವಿ ಪೆನ್ಸಿಲಿನಿಂದ ಬರೆದಿಡಿ. ಒಂದು ಪ್ರತಿಯನ್ನು ಹತ್ತಿರದ ಕಾಲೇಜಿನ ಗ್ರಂಥಪಾಲರ ಕೈಗೆ ಕೊಟ್ಟು ಬನ್ನಿ.